ಹಿಂಡು ಬಿಟ್ಟ ದನ

ಪ್ರಿಯ ತಮ್ಮ,

ನಿನ್ನ ಆರೂ ಕಥೆ ಓದಿದೆ. ಕಾಗುಣಿತ, ಯಾವ ಪತ್ರಿಕೆಗೆ ಕಳಿಸಬೇಕು, ಅದೆಲ್ಲ ನನ್ನ ಕೇಳಬೇಡ ಮಾರಾಯ, ತೀರ್ಥಹಳ್ಳಿಯಲ್ಲೇ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಲ್ಲಿ ಕೂತಿದ್ದು ನಿನ್ನ ಪತ್ರದ ಒಂದು ಮಾತು. ಮೇಷ್ಟ್ರು ನಿನ್ನ ಕಥೆಗೆ 'ಎಗ್ರೀಜಿಯಸ್' ಅಂದರು, ಡಿಕ್ಷನರಿ ತೆಗೆದರೆ 'ತೀರಾ ಕೆಟ್ಟದ್ದು' ಅಂತಿತ್ತು, ಎರಡು ದಿನ ಊಟ ಸೇರಲಿಲ್ಲ ಅಂತ ಬರೆದಿದ್ದೀಯಲ್ಲ, ಅದು.

ಆ ಪದ ಹುಟ್ಟಿದ್ದು ಲ್ಯಾಟಿನ್‌ನಲ್ಲಿ. ಅಲ್ಲಿ 'ಗ್ರೆಕ್ಸ್' ಅಂದರೆ ಹಿಂಡು. ಪದದ ಮೊದಲಿಗಿರುವ 'ಎ' ಅಂದರೆ ಹೊರಗೆ. ಹಿಂಡಿನಿಂದ ಹೊರಗೆ ಎದ್ದು ಕಾಣುವಂಥದ್ದು. ರೋಮಿನವರಿಗೆ ಅದು ಹೊಗಳಿಕೆ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಹೊಗಳಿಕೆಯೇ, ಆ ಶತಮಾನ ಮುಗಿಯುವಷ್ಟರಲ್ಲಿ ಬೈಗುಳವೂ ಆಯಿತು. ವ್ಯಂಗ್ಯಕ್ಕೆ ಬಳಸಿ ಬಳಸಿ ಹಾಗಾಗಿರಬೇಕು ಅನ್ನುತ್ತಾರೆ. ನಾವು 'ಭಾರಿ ಘನಂದಾರಿ ಕೆಲಸ ಮಾಡಿದೆ' ಅನ್ನಲ್ವಾ, ಹಾಗೆ. ಇಟಲಿಯವರು ಮಾತ್ರ ಇವತ್ತಿಗೂ ಪತ್ರ ಬರೆಯುವಾಗ ಮರ್ಯಾದೆಗೆ 'ಎಗ್ರೇಜೊ' ಅಂತ ಹಾಕುತ್ತಾರೆ.

ಮೇಷ್ಟ್ರು ಯಾವ ಅರ್ಥದಲ್ಲಿ ಅಂದರು ಅಂತ ಕೇಳಲು ಹೋಗಬೇಡ. ಎರಡೂ ನಿನಗೆ ಬೇಡ.

ನಮ್ಮ ಮನೆಯ ಗಿಡ್ಡ ದನಗಳು ಬೆಳಿಗ್ಗೆ ಗುಡ್ಡಕ್ಕೆ ಹೋದರೆ ಸಂಜೆ ತಾವೇ ಕೊಟ್ಟಿಗೆಗೆ ಬರುತ್ತಿದ್ದವು. ಒಂದು ಮಾತ್ರ ಹಿಂಡು ಬಿಟ್ಟು ತನ್ನದೇ ದಾರಿ ಹಿಡಿಯುತ್ತಿತ್ತು. ಬಂದವರೆದುರು ಅಜ್ಜನಿಗೆ ಅದರದ್ದೇ ಗುಣಗಾನ. ಪಕ್ಕದವರ ಗದ್ದೆಗೆ ನುಗ್ಗಿದ ದಿನ ಅದರ ಕೊರಳಿಗೆ ಮರದ ತುಂಡು ಕಟ್ಟಿದ್ದೂ ಅಜ್ಜನೇ. ದನಕ್ಕೆ ಎರಡು ದಿನವೂ ಬೇಕಾಗಿದ್ದು ಹುಲ್ಲು.

ನನಗೆ ಇಪ್ಪತ್ಮೂರು ವರ್ಷ ಇದ್ದಾಗ ಶಿವಮೊಗ್ಗದ ಒಂದು ಸಭೆಯಲ್ಲಿ ಹಿರಿಯರೊಬ್ಬರು 'ಈ ಹುಡುಗ ಎಲ್ಲರಂತಲ್ಲ' ಅಂದುಬಿಟ್ಟರು. ಆಮೇಲೆ ನಾಲ್ಕು ವರ್ಷ ನಾನು ಎಲ್ಲರಂತಲ್ಲದ ಹಾಗೆ ಬರೆಯುವುದರಲ್ಲೇ ಕಳೆದೆ. ಅಮ್ಮ ರಾತ್ರಿ ಅಡಿಕೆ ಸುಲಿಯುತ್ತಾ ನನ್ನ ಕಥೆ ಓದಿಸಿ ಕೇಳುತ್ತಿದ್ದಳು, ಅರ್ಥವಾಗದೆ ಸುಮ್ಮನಾದಳು, ನಾನೂ ಓದುವುದು ಬಿಟ್ಟೆ. ಆ ಹಿರಿಯರ ಮೇಲೆ ಇನ್ನೂ ಸಿಟ್ಟಿದೆ. ಪಾಪ, ಒಳ್ಳೆಯ ಮಾತೇ ಆಡಿದ್ದರು.

ನಿನ್ನ ಮೂರನೇ ಕಥೆಯಲ್ಲಿ ಹಳ್ಳದ ಕಾಲುಸಂಕ ದಾಟುವ ಅಜ್ಜಿ ಇದ್ದಾಳಲ್ಲ, ಅವಳು ನನಗೆ ತುಂಬ ಇಷ್ಟವಾದಳು. ಕಾಲು ನಡುಗುತ್ತಿರುವವಳ ಬಾಯಿಗೆ ಅಷ್ಟುದ್ದ ತತ್ವ ಯಾಕೆ ತುರುಕಿದೆ? ಅದು ಮೇಷ್ಟ್ರಿಗೆ ಬರೆದದ್ದು, ಅಲ್ವಾ? ಅದನ್ನು ತೆಗೆದು ಇನ್ನೊಮ್ಮೆ ಕಳಿಸು. ಇಲ್ಲ, ಮಳೆ ಸ್ವಲ್ಪ ಹೊಳವಾದ ಮೇಲೆ ನೀನೇ ತಗೊಂಡು ಬಾ.