ಆಸಿಡ್ ಹೌಸ್ ಕಥೆಯಲ್ಲಿ ಮ್ಯಾಂಚೆಸ್ಟರ್ ಎಲ್ಲಿ?

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಎಲೆಕ್ಟ್ರಾನಿಕ್ ಸಂಗೀತದ ಲೇಖನ ಓದಿದೆ. ಕನ್ನಡ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದು ನಿಜಕ್ಕೂ ಖುಷಿ. ಆದರೆ ಬ್ರಿಟನ್ನಿನ ಆಸಿಡ್ ಹೌಸ್ ಅನ್ನೋ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಬಗ್ಗೆ ಬರೆದ ಭಾಗಕ್ಕೆ ಬಂದಾಗ ಬೇಜಾರಾಯಿತು. 1987ರ ಬೇಸಿಗೆಯಲ್ಲಿ ಲಂಡನ್ನಿನ ನಾಲ್ವರು ಡಿಜೆಗಳು ಇಬಿಜಾ ದ್ವೀಪಕ್ಕೆ ರಜೆಗೆ ಹೋದರು, ವಾಪಸ್ ಬಂದು ಕ್ಲಬ್ ಶುರು ಮಾಡಿದರು, ಜನ ಎಕ್ಸ್‌ಟಸಿ ಅನ್ನೋ ಮಾದಕ ಮಾತ್ರೆ ನುಂಗಿ ಬೆಳಗಿನವರೆಗೆ ಕುಣಿದರು, ಲೇಖನ ಹೇಳಿದ್ದು ಅಷ್ಟೇ. ಈ ಕಥೆ ಸುಳ್ಳಲ್ಲ. ಆದರೆ ಸಂಗೀತ ಮಾಡಿದವರು ಇದರಲ್ಲಿ ಎಲ್ಲಿದ್ದಾರೆ? ಇಡೀ ಲೇಖನದಲ್ಲಿ 'ವೂಡೂ ರೇ' ಅನ್ನೋ ಹಾಡಿನ ಹೆಸರು ಒಂದು ಸಲವೂ ಬರಲಿಲ್ಲ.

1988ರಲ್ಲಿ ರ‍್ಯಾಮ್ ಅನ್ನೋ ಸಣ್ಣ ಕಂಪನಿ ತಂದ 12 ಇಂಚಿನ ವಿನೈಲ್ ಸಿಂಗಲ್ ಅದು. ಮಾಡಿದವರು ಜೆರಾಲ್ಡ್ ಸಿಂಪ್ಸನ್, ಲೇಬಲ್ ಮೇಲೆ 'ಎ ಗೈ ಕಾಲ್ಡ್ ಜೆರಾಲ್ಡ್'. ಮ್ಯಾಂಚೆಸ್ಟರಿನ ಮಾಸ್ ಸೈಡ್‌ನಲ್ಲಿ ಬೆಳೆದ ಕಪ್ಪು ಹುಡುಗ, ಅಪ್ಪ ಅಮ್ಮ ಜಮೈಕಾದವರು. ಮನೆಯಲ್ಲಿ ಅಪ್ಪನ ಸ್ಕಾ, ರೆಗ್ಗೆ ರೆಕಾರ್ಡುಗಳು, ಅಮ್ಮನ ಜೊತೆ ಚರ್ಚಿನ ಹಾಡು, ಬೀದಿಯಲ್ಲಿ ಜಮೈಕಾದವರ ಸೌಂಡ್ ಸಿಸ್ಟಮ್. ಆತನ ಕಿವಿ ತಯಾರಾಗಿದ್ದು ಇಲ್ಲಿ. ಆಗ ಆತನಿಗೆ 21 ವರ್ಷ. ಅದೇ ಊರಿನ ಹಸಿಯೆಂಡಾ ಕ್ಲಬ್‌ನಲ್ಲಿ ಮೈಕ್ ಪಿಕರಿಂಗ್ 1986ರಲ್ಲೇ ಶುಕ್ರವಾರ ರಾತ್ರಿ ಆಸಿಡ್ ಹೌಸ್‌ಗೆ ಮೂಲವಾದ ಶಿಕಾಗೋದ ಹೌಸ್ ಸಂಗೀತದ ರೆಕಾರ್ಡು ಹಾಕುತ್ತಿದ್ದರು. ಅಂದರೆ ಇಬಿಜಾ ಪ್ರವಾಸಕ್ಕಿಂತ ಒಂದು ವರ್ಷ ಮೊದಲು!

ದಯವಿಟ್ಟು ಆ ಹಾಡನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಕೆಳಗಡೆ ರೋಲ್ಯಾಂಡ್ ಕಂಪನಿಯ ಯಂತ್ರಗಳ ಬಡಿತ, ಅದರ ಮೇಲೆ ಟಿಬಿ-303 ಅನ್ನೋ ಸಣ್ಣ ಸಿಂಥಸೈಜರ್‌ನ ಬೇಸ್ ಒದ್ದೆ ಒದ್ದೆಯಾಗಿ ಸುತ್ತುತ್ತಾ ಹೋಗುತ್ತದೆ, ಅದರ ನಡುವೆ ನಿಕೋಲಾ ಕೋಲಿಯರ್ ಅವರ ದನಿ, ಮಾತಿಲ್ಲದ ಬರೀ ಆಲಾಪದ ತುಣುಕು, ಬಂದು ಬಂದು ಹೋಗುತ್ತದೆ. ಶಿಕಾಗೋದ ಆಸಿಡ್ ರೆಕಾರ್ಡುಗಳಲ್ಲಿ ಈ 303 ಕಿರುಚುತ್ತದೆ, ಇಲ್ಲಿ ಹಾಗಲ್ಲ, ಹಿಂದೆ ನಿಂತು ದನಿಗೆ ಜಾಗ ಬಿಡುತ್ತದೆ. ನನಗೆ ಈ ಹಾಡು ಇಷ್ಟೊಂದು ಇಷ್ಟವಾಗಲು ಅದೇ ಕಾರಣ. ಇನ್ನು ಹಾಡಿನ ಹೆಸರು. ಪೀಟರ್ ಕುಕ್, ಡಡ್ಲಿ ಮೂರ್ ಅನ್ನೋ ಹಾಸ್ಯ ಜೋಡಿಯ ರೆಕಾರ್ಡಿನಿಂದ 'ವೂಡೂ ರೇಜ್' ಅನ್ನೋ ಮಾತು ತೆಗೆದುಕೊಂಡಿದ್ದರು. ಸದ್ದಿನ ತುಣುಕು ಹಿಡಿದಿಟ್ಟು ನುಡಿಸುವ ಸ್ಯಾಂಪ್ಲರ್ ಯಂತ್ರದ ಮೆಮೊರಿಯಲ್ಲಿ ಅಷ್ಟು ಉದ್ದದ್ದು ಹಿಡಿಸಲಿಲ್ಲ, ಕೊನೆ ಕತ್ತರಿಸಿ ಹೋಯಿತು. ಉಳಿದದ್ದನ್ನೇ ಇಟ್ಟುಕೊಂಡರು.

ಮೊದಲು ಒತ್ತಿಸಿದ 500 ಪ್ರತಿ ಒಂದೇ ದಿನದಲ್ಲಿ ಖಾಲಿಯಾಯಿತು. 1989ರಲ್ಲಿ ಬ್ರಿಟನ್ನಿನ ಮುಖ್ಯ ಚಾರ್ಟಿನಲ್ಲಿ 12ನೇ ಸ್ಥಾನಕ್ಕೆ ಏರಿತು. ಅದೂ ಎಂಥ ಹೊತ್ತಿನಲ್ಲಿ ಅಂತ ನೋಡಿ. 1988ರ ಕೊನೆಗೆ ಅಲ್ಲಿನ ಪತ್ರಿಕೆಗಳು ಆಸಿಡ್ ಹೌಸ್ ಮೇಲೆ ಮುಗಿಬಿದ್ದಿದ್ದವು. ಆಸಿಡ್ ಹೌಸ್‌ನ ಗುರುತಾಗಿದ್ದ ನಗುಮುಖದ ಟೀ ಶರ್ಟನ್ನು ಓದುಗರಿಗೆ ಮಾರಿದ್ದ 'ದಿ ಸನ್' ಪತ್ರಿಕೆಯೇ ಕೆಲವೇ ವಾರಗಳಲ್ಲಿ ಇದು ಮಕ್ಕಳನ್ನು ಹಾಳು ಮಾಡುತ್ತಿದೆ ಅಂತ ಬೊಬ್ಬೆ ಹಾಕಿತು. ಪತ್ರಿಕೆಗಳು ಆಗ ಮಾತ್ರೆಯ ಬಗ್ಗೆ ಮಾತ್ರ ಬರೆದವು, ಸಂಗೀತದ ಬಗ್ಗೆ ಬರೆದದ್ದು ಕಮ್ಮಿ. ಮೂವತ್ತೈದು ವರ್ಷಕ್ಕೂ ಜಾಸ್ತಿ ಆದಮೇಲೆ ನಾವೂ ಅದನ್ನೇ ಮಾಡಬೇಕಾ? ಮಾತ್ರೆಯಿಂದ ಜೀವ ಹೋದದ್ದುಂಟು, ಅದನ್ನು ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಸಂಗೀತದ ಲೇಖನದಲ್ಲಿ ಸಂಗೀತವೂ ಇರಲಿ ಅಂತ ಕೇಳುತ್ತಿದ್ದೇನೆ, ಅಷ್ಟೆ.

ಇನ್ನೊಂದು ವಿಷಯ. ಆಸಿಡ್ ಹೌಸ್ ಹುಟ್ಟಿದ್ದೇ ನಮ್ಮ ಬಾಂಬೆಯಲ್ಲಿ ಅಂತ ಲೇಖಕರು ಹೆಮ್ಮೆಯಿಂದ ಬರೆದಿದ್ದಾರೆ. ಚರಣಜಿತ್ ಸಿಂಗ್ ಅವರು 1982ರಲ್ಲಿ ಟಿಬಿ-303 ಮತ್ತು ಟಿಆರ್-808 ಅನ್ನೋ ಡ್ರಮ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳದಲ್ಲಿ ನುಡಿಸಿದ್ದು ನಿಜ, ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆ ರೆಕಾರ್ಡು ಆಗ ಹೆಚ್ಚು ಜನಕ್ಕೆ ತಲುಪಲೇ ಇಲ್ಲ, 2010ರಲ್ಲಿ ಮತ್ತೆ ಅಚ್ಚಾದ ಮೇಲೆ ಜಗತ್ತು ಕೇಳಿತು. 1987ರಲ್ಲಿ 'ಆಸಿಡ್ ಟ್ರಾಕ್ಸ್' ಹೊರತಂದ ಶಿಕಾಗೋದ ಫ್ಯೂಚರ್ ತಂಡದ ಕಪ್ಪು ಹುಡುಗರು ಅದೇ 303ರ ಗುಂಡಿ ತಿರುಗಿಸುತ್ತಾ ತಾವೇ ಕಂಡುಕೊಂಡ ಸದ್ದು ಆಸಿಡ್ ಹೌಸ್. ಚರಣಜಿತ್ ಅವರಿಗೆ ಸಲ್ಲಬೇಕಾದ ಗೌರವ ಕೊಡೋಣ, ಆದರೆ ಅದಕ್ಕಾಗಿ ಈ ಹುಡುಗರದ್ದನ್ನು ಕಿತ್ತುಕೊಳ್ಳುವುದು ಬೇಡ.

ಲೇಖನದ ಮುಂದಿನ ಭಾಗ ಬರಲಿದೆ ಅಂತ ಕೆಳಗೆ ಹಾಕಿದ್ದೀರಿ. ಅದರಲ್ಲಿ ಮಾಸ್ ಸೈಡ್ ಮತ್ತು ಶಿಕಾಗೋಗೆ ಒಂದೆರಡು ಕಾಲಂ ಕೊಡಿ. ಜೆರಾಲ್ಡ್ ಮುಂದೆ ಜಂಗಲ್ ಅನ್ನೋ ವೇಗದ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಮಾಡಿದ ಕೆಲಸದ ಬಗ್ಗೆ, 1995ರ ಆಲ್ಬಮ್ ಬಗ್ಗೆಯೂ ಬರೆಯಿಸಿ.

ನಿಮ್ಮ ಓದುಗ,
ಮೈಸೂರು