ಅಜ್ಜನ ಕಣ್ಣಿನ ದೋಷವಲ್ಲ

ಮಾನ್ಯ ಸಂಪಾದಕರೇ,

ಸಾಗರದಲ್ಲಿ ಹನ್ನೆರಡು ವರ್ಷಗಳಿಂದ ಸಣ್ಣದೊಂದು ಸೈಬರ್ ಕೇಂದ್ರ ನಡೆಸುತ್ತಿದ್ದೇನೆ. ಅರ್ಜಿ ತುಂಬುವುದು, ಜೆರಾಕ್ಸ್, ಲ್ಯಾಮಿನೇಷನ್, ಇಷ್ಟೇ ಕಸುಬು. ಕಳೆದ ಸೋಮವಾರ ಎಪ್ಪತ್ತು ದಾಟಿದ ಅಜ್ಜರೊಬ್ಬರು ಆನ್‌ಲೈನ್ ಅರ್ಜಿ ಹಾಕಿಸಲು ಬಂದಿದ್ದರು. ಲಾಗಿನ್ ಪುಟದಲ್ಲಿ ಸೊಟ್ಟಪಟ್ಟ ಅಂಕಿಗಳ ಕ್ಯಾಪ್ಚಾ. ಅವರು ಓದಿ ಹೇಳಿದರು, ನಾನು ಒತ್ತಿದೆ. ‘ಕ್ಯಾಪ್ಚಾ ತಪ್ಪಾಗಿದೆ’ ಎಂದಿತು. ಏಳು ಸಲ ಇದೇ ಆಯಿತು. “ತಮ್ಮಾ, ನನ್ನ ಕಣ್ಣಿಗೆ ಪೊರೆ ಬಂದಿದೆ, ನೀನೇ ಓದು” ಎಂದು ಸಂಕೋಚಪಟ್ಟರು. ನಾನೇ ಓದಿ ಒತ್ತಿದರೂ ಅದೇ ಉತ್ತರ. ಕೊನೆಗೆ ಬರಿಗೈಯಲ್ಲಿ ಬಸ್ ಹತ್ತಿದರು.

ಕಾರಣ ಹೊಳೆದದ್ದು ರಾತ್ರಿ ಬಾಗಿಲು ಎಳೆಯುವಾಗ. ಎರಡು ದಿನ ಮೊದಲು ಆ ಕಂಪ್ಯೂಟರಿನ ಬ್ರೌಸರಿನಲ್ಲಿ ಕುಕಿಗಳನ್ನೆಲ್ಲ, ಅಂದರೆ ಜಾಲತಾಣಗಳು ಅಲ್ಲಿ ಇಟ್ಟುಹೋಗುವ ಪುಟ್ಟ ಗುರುತುಗಳನ್ನು, ತಡೆದಿಟ್ಟವನು ನಾನೇ. ಹತ್ತಾರು ಜನ ಕೈಯಾಡಿಸುವ ಯಂತ್ರ. ಒಬ್ಬರ ಖಾತೆ ಇನ್ನೊಬ್ಬರೆದುರು ತೆರೆದುಕೊಳ್ಳಬಾರದು ಎಂಬ ಭಯ. ಬ್ರೌಸರ್ ಮುಚ್ಚಿದಾಗ ಕುಕಿಗಳು ಅಳಿಸಿಹೋಗುವಂತೆ ಮಾಡಿದ್ದರೆ ಸಾಕಿತ್ತು. ಅಷ್ಟು ತಪ್ಪು ನನ್ನದು, ಒಪ್ಪುತ್ತೇನೆ.

ಆದರೆ ಆ ಜಾಲತಾಣ ಹೇಳಿದ್ದಾದರೂ ಏನು? ಕುಕಿ ಎಂದರೆ ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಲ್ಲಿ ಕೊಡುವ ಟೋಕನ್ ಇದ್ದಂತೆ. ಬ್ರೌಸರ್ ಅದನ್ನು ಪ್ರತಿ ಸಲವೂ ತೋರಿಸದಿದ್ದರೆ ತಾಣದ ಸರ್ವರ್ ಕಂಪ್ಯೂಟರಿಗೆ ನಾವು ಯಾವಾಗಲೂ ಹೊಸಬರೇ. ಯಾರಿಗೆ ಯಾವ ಕ್ಯಾಪ್ಚಾ ತೋರಿಸಿತ್ತು ಎಂಬ ಲೆಕ್ಕವೂ ಅನೇಕ ತಾಣಗಳಲ್ಲಿ ಆ ಟೋಕನ್ನಿನ ಮೇಲೆಯೇ ನಿಂತಿರುತ್ತದೆ. ಟೋಕನ್ ಇಲ್ಲದವನು ಸರಿಯುತ್ತರ ಕೊಟ್ಟರೂ ತಪ್ಪೇ. ತಾಣ ಮಾತ್ರ ದೂರಿದ್ದು ಅಜ್ಜನ ಓದನ್ನು!

ಕುಕಿ ಬ್ರೌಸರಿನಲ್ಲಿ ಉಳಿಯುತ್ತಿದೆಯೇ ಎಂದು ಪತ್ತೆಹಚ್ಚುವುದು ದೊಡ್ಡ ವಿದ್ಯೆಯೇನಲ್ಲ. ಲಾಗಿನ್ ಪುಟ ಕಳಿಸುವಾಗ ಪರೀಕ್ಷೆಗೆಂದು ಒಂದು ಕುಕಿ ಕೊಟ್ಟು, ಮುಂದಿನ ಕೋರಿಕೆಯಲ್ಲಿ ಅದು ಮರಳಿ ಬಂತೇ ಎಂದು ನೋಡಿದರಾಯಿತು. ‘ಕುಕಿಗೆ ಅನುಮತಿ ಇದೆಯೇ’ ಎಂದು ಬ್ರೌಸರನ್ನೇ ಕೇಳುವ ದಾರಿಯೂ ಜಾಲಪುಟಗಳಿಗೆ ಬಳಸುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿದೆ. ಅದರ ಮಾತನ್ನು ಪೂರ್ತಿ ನಂಬುವಂತಿಲ್ಲ, ಕುಕಿ ಇಟ್ಟು ನೋಡುವುದೇ ವಾಸಿ. 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿಯನ್ನು ರೂಪಿಸಿದಾಗ ಅದರ ಮೊದಲ ಬಳಕೆ ಇದ್ದದ್ದೇ, ಬಂದವರು ಹಿಂದೆ ಬಂದಿದ್ದರೇ ಎಂದು ತಿಳಿಯಲು. ಇಷ್ಟು ಹಳೆಯ ಉಪಾಯ ನಮ್ಮ ತಾಣಗಳನ್ನು ಕಟ್ಟುವವರಿಗೆ ಗೊತ್ತಿಲ್ಲವೆಂದರೆ ನಂಬುವುದು ಕಷ್ಟ.

ಹಾಗೆಂದು ಪರೀಕ್ಷೆಯ ನೆಪದಲ್ಲಿ ಜನರ ಬೆನ್ನು ಹತ್ತುವ ಕುಕಿ ಅಂಟಿಸುವುದು ಬೇಡ. ಕೆಲಸ ಮುಗಿದೊಡನೆ ಅಳಿಸಲಿ. ನಾನು ಕೇಳುತ್ತಿರುವುದು ಒಂದೇ ಸಾಲು, ಅದೂ ಕನ್ನಡದಲ್ಲಿ: ‘ನಿಮ್ಮ ಬ್ರೌಸರಿನಲ್ಲಿ ಕುಕಿಗಳಿಗೆ ತಡೆಯಿದೆ, ತಡೆ ತೆಗೆದು ಮತ್ತೆ ಪ್ರಯತ್ನಿಸಿ.’

ಮರುದಿನ ಕುಕಿಯ ತಡೆ ತೆಗೆದು ಅಜ್ಜನಿಗೆ ಫೋನ್ ಮಾಡಿ ಕರೆಸಿದೆ. ಮೊದಲ ಸಲಕ್ಕೇ ಲಾಗಿನ್ ಆಯಿತು, ಅಂಕಿ ಓದಿದವರೂ ಅವರೇ. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಎರಡನೆಯ ಸಲದ ಬಸ್ ಚಾರ್ಜು ಮಾತ್ರ ಅವರ ತಲೆಯ ಮೇಲೆಯೇ ಬಿತ್ತು.

— ಸೈಬರ್ ಕೇಂದ್ರದ ಮಾಲೀಕ, ಸಾಗರ