‘ಹಲೋ’ ಬೆಲ್ ಗೆಳತಿಯ ಹೆಸರಲ್ಲ

ಮಾನ್ಯ ಸಂಪಾದಕರೇ,

ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರಿಗೆ ಮಾರ್ಗರೆಟ್ ಹಲೋ ಎಂಬ ಗೆಳತಿಯಿದ್ದಳು, ಮೊದಲ ಕರೆಯಲ್ಲಿ ಅವರು ಉಚ್ಚರಿಸಿದ್ದು ಅವಳ ಹೆಸರನ್ನೇ, ಆದ್ದರಿಂದಲೇ ನಾವೆಲ್ಲ ಫೋನ್ ಎತ್ತಿದೊಡನೆ ‘ಹಲೋ’ ಎನ್ನುತ್ತೇವೆ ಎಂಬ ಕಥೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಲೇ ಇದೆ. ಅದನ್ನು ನಿಜವೆಂದು ನಂಬಿ ಮಕ್ಕಳಿಗೆ ಹೇಳಿಕೊಡುವವರೂ ಇದ್ದಾರೆ. ಇದರಲ್ಲಿ ಎಳ್ಳಷ್ಟೂ ಸತ್ಯವಿಲ್ಲ.

ಬೆಲ್ ಪ್ರೀತಿಸಿ, 1877ರ ಜುಲೈನಲ್ಲಿ ಮದುವೆಯಾದದ್ದು ಮೇಬಲ್ ಹಬ್ಬರ್ಡ್ ಅವರನ್ನು. ಎಳವೆಯಲ್ಲೇ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡಿದ್ದ ಅವರು, ಕಿವುಡರಿಗೆ ಮಾತು ಕಲಿಸುತ್ತಿದ್ದ ಬೆಲ್ ಅವರ ವಿದ್ಯಾರ್ಥಿನಿಯಾಗಿದ್ದರು. ಪತಿ ರೂಪಿಸಿದ ಯಂತ್ರದಲ್ಲಿ ಯಾರ ದನಿಯನ್ನೂ ಕೇಳಲಾಗದ ಈ ಹೆಣ್ಣುಮಗಳನ್ನು ಮರೆಸಿ, ಎಂದೂ ಇಲ್ಲದವಳೊಬ್ಬಳನ್ನು ಆ ಸ್ಥಾನದಲ್ಲಿ ಕೂರಿಸುವುದು ಮೇಬಲ್ ಅವರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. 1876ರ ಮಾರ್ಚ್ 10ರಂದು ಬೆಲ್ ಆ ಯಂತ್ರದ ಮೂಲಕ ಕರೆದದ್ದು ತಮ್ಮ ಸಹಾಯಕ ವಾಟ್ಸನ್ ಅವರನ್ನು. ಕರೆಯ ಆರಂಭಕ್ಕೆ ಬೆಲ್ ಇಷ್ಟಪಟ್ಟ ಪದವೂ ‘ಹಲೋ’ ಅಲ್ಲ, ನಾವಿಕರು ಕೂಗುತ್ತಿದ್ದ ‘ಅಹಾಯ್’.

‘ಹಲೋ’ ಎಂಬುದು ದೂರದಲ್ಲಿರುವವರನ್ನು ಕೂಗುವ ‘ಹಲ್ಲೋ’, ‘ಹೊಲ್ಲಾ’ ಮುಂತಾದ ಹಳೆಯ ಉದ್ಗಾರಗಳ ಬಳಗಕ್ಕೆ ಸೇರಿದ್ದು. ಈಗಿನ ಕಾಗುಣಿತದಲ್ಲಿ ಅದು 1826ರಷ್ಟು ಹಿಂದೆಯೇ ಅಮೆರಿಕದಲ್ಲಿ ಅಚ್ಚಾಗಿದೆ. ಆ ಕಾಲದಲ್ಲಿ ಅದು ಪರಸ್ಪರ ವಂದನೆಯ ಮಾತಾಗಿರಲಿಲ್ಲ. ಯಾರದಾದರೂ ಗಮನ ಸೆಳೆಯಬೇಕಾದಾಗ ಅಥವಾ ಅಚ್ಚರಿಯಾದಾಗ ಬಾಯಿಂದ ಹೊರಡುತ್ತಿದ್ದ ಕೂಗಾಗಿತ್ತು. ದೂರವಾಣಿಗೆ ಬೇಕಾಗಿದ್ದುದೂ ಅಂಥದೇ ಕೂಗು. ಆರಂಭದಲ್ಲಿ ಎರಡು ಸ್ಥಳಗಳ ನಡುವಿನ ತಂತಿ ಸದಾ ತೆರೆದೇ ಇರುತ್ತದೆಂಬ ಕಲ್ಪನೆಯಿದ್ದುದರಿಂದ, ಆ ತುದಿಯಲ್ಲಿರುವವರನ್ನು ಯಂತ್ರದ ಬಳಿಗೆ ಕರೆಯುವುದು ಹೇಗೆಂಬುದೇ ಸಮಸ್ಯೆಯಾಗಿತ್ತು. ಥಾಮಸ್ ಎಡಿಸನ್ 1877ರ ಆಗಸ್ಟ್ 15ರಂದು ಪಿಟ್ಸ್‌ಬರ್ಗ್‌ನ ಟೆಲಿಗ್ರಾಫ್ ಕಂಪನಿಯೊಂದರ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ, ‘ಹಲೋ’ ಎಂಬ ಕೂಗು 10ರಿಂದ 20 ಅಡಿ ದೂರಕ್ಕೆ ಕೇಳಿಸುವುದರಿಂದ ಕರೆಗಂಟೆಯ ಅಗತ್ಯ ಬೀಳಲಾರದು ಎಂದಿದ್ದಾರೆ. ಮುಂದೆ ದೂರವಾಣಿ ವಿನಿಮಯ ಕೇಂದ್ರಗಳು ಬಂದಾಗ ಈ ಪದ ಅಲ್ಲಿ ಎಷ್ಟು ಬಳಕೆಯಾಯಿತೆಂದರೆ, ಅಲ್ಲಿ ದುಡಿಯುತ್ತಿದ್ದ ಯುವತಿಯರಿಗೆ ‘ಹಲೋ ಗರ್ಲ್ಸ್’ ಎಂಬ ಹೆಸರೇ ಬಿದ್ದಿತು. ಎದುರು ಸಿಕ್ಕವರಿಗೆ ‘ಹಲೋ’ ಹೇಳುವ ರೂಢಿಯನ್ನು ಎಲ್ಲೆಡೆ ಹಬ್ಬಿಸಿದ್ದೂ ಹೆಚ್ಚಾಗಿ ದೂರವಾಣಿಯೇ.

ಪದಗಳ ಹುಟ್ಟಿನ ಕುರಿತ ಬರಹಗಳನ್ನು ಪ್ರಕಟಿಸುವ ಮುನ್ನ, ಆ ಪದ ಮೊದಲು ಅಚ್ಚಾದ ವರ್ಷವನ್ನು ಒಳ್ಳೆಯ ನಿಘಂಟಿನಲ್ಲಿ ನೋಡಿಕೊಳ್ಳುವ ಪದ್ಧತಿಯನ್ನು ಪತ್ರಿಕೆಗಳು ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಬೆಲ್ ಜನಿಸಿದ್ದು 1847ರಲ್ಲಿ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಿದ್ದರೆ, ಮಾರ್ಗರೆಟ್ ಹಲೋ ಕಥೆಯನ್ನು ಯಾರೂ ನಂಬುತ್ತಿರಲಿಲ್ಲ.

ಇಂತಿ,
ತಮ್ಮ ಓದುಗ